ಮೋರ್ಯರ ಮನೆಯಲ್ಲಿ ಇದ್ದವರು ಯಾರು? ಅಗೆದು ನೋಡಿದ ಟೇಲರ್ ಸಾಹೇಬನ ಕತೆ

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಬಂಡೆಯ ಮೇಲೆ ಕಲ್ಲಿನ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಕಟ್ಟಿದ ಪುಟ್ಟ ಪುಟ್ಟ ಮನೆಗಳು. ಕೆಲವದರ ಒಂದು ಗೋಡೆಗೆ ದುಂಡನೆಯ ತೂತು. ಫೋಟೊದ ಕೆಳಗಿನ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: ಮೂರು ಗೇಣು ಎತ್ತರದ ಮೋರ್ಯರು ಇಲ್ಲಿ ಬಾಳಿದ್ದರು, ಬೆಂಕಿಯ ಮಳೆ ಸುರಿದು ಎಲ್ಲರೂ ಒಂದೇ ಸಲ ಸತ್ತುಹೋದರು. ಇನ್ನೊಂದು ಫಾರ್ವರ್ಡಿನಲ್ಲಿ ಅದೇ ಫೋಟೊ, ಬೇರೆ ಬರಹ: ಇವು ಮೌರ್ಯ ಚಕ್ರವರ್ತಿಗಳ ಸೈನಿಕರು ಕಟ್ಟಿಕೊಂಡ ಮನೆಗಳು. ಮೂರನೆಯದು ಫಾರ್ವರ್ಡ್ ಆಗುವುದಿಲ್ಲ, ಕಿವಿಯಿಂದ ಕಿವಿಗೆ ಹೋಗುತ್ತದೆ: ಒಳಗೆ ನಿಧಿ ಇದೆ.

ಮೂರರಲ್ಲಿ ಯಾವುದು ನಿಜ? ಒಂದೂ ಅಲ್ಲ. ಆದರೆ ನಿಜ ಅಲ್ಲ ಎಂದು ಹೇಳಿಬಿಡುವುದು ಸುಲಭ, ನೋಡಿ ತಿಳಿದುಕೊಳ್ಳುವುದು ಕಷ್ಟ. ನಮ್ಮ ಭಾಗದಲ್ಲಿ ಈ ಕಷ್ಟದ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ಒಬ್ಬ ಫಿಲಿಪ್ ಮೆಡೋಸ್ ಟೇಲರ್. ಹಿರೇಬೆಣಕಲ್ಲಿನ ಸ್ಮಾರಕಗಳನ್ನು ಹೊರಜಗತ್ತಿಗೆ ಮೊದಲು ತಿಳಿಸಿದವನೆಂದು ಇವನ ಹೆಸರನ್ನೇ ಹೇಳುತ್ತಾರೆ. ಸುರಪುರದ ಕಡೆಯವರಿಗೆ ಇವನು ಟೇಲರ್ ಮಂಜಿಲ್ ಕಟ್ಟಿಸಿದ ಸಾಹೇಬ. ಪುಸ್ತಕ ಓದುವವರಿಗೆ ಠಕ್ಕರ ಮೇಲೆ ಕಾದಂಬರಿ ಬರೆದವನು. ಇವನ ಬದುಕನ್ನು ನೋಡಿದರೆ ಇನ್ನೊಂದು ವಿಚಿತ್ರ ಸಂಗತಿ ಕಾಣುತ್ತದೆ. ಒಂದು ನಂಬಿಕೆಯನ್ನು ಗುದ್ದಲಿ ಹಿಡಿದು ಪರೀಕ್ಷೆ ಮಾಡಿದ ಇದೇ ಮನುಷ್ಯ, ಇನ್ನೊಂದರ ಮುಂದೆ ಕೈಕಟ್ಟಿ ನಿಂತುಬಿಟ್ಟ. ಅದಕ್ಕೇ ಈ ಲೇಖನ.

ಹದಿನೈದು ವರ್ಷದ ಗುಮಾಸ್ತ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಊರಲ್ಲಿ. ಅಪ್ಪ ವ್ಯಾಪಾರಿ, ವ್ಯಾಪಾರ ಕೈಕೊಟ್ಟಿತ್ತು. ಮುಂಬಯಿಯ ವರ್ತಕನೊಬ್ಬ ಹುಡುಗನನ್ನು ಕಳಿಸಿ, ವಯಸ್ಸಿಗೆ ಬಂದಮೇಲೆ ಪಾಲುದಾರನನ್ನಾಗಿ ಮಾಡಿಕೊಳ್ಳುತ್ತೇನೆ ಎಂದು ಆಸೆ ತೋರಿಸಿದ. ಹದಿನೈದು ವರ್ಷದ ಹುಡುಗ ಹಡಗು ಹತ್ತಿ ಬಂದು ನೋಡಿದರೆ ಆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಯೊಬ್ಬರ ಮಾತಿನಿಂದ 1824ರಲ್ಲಿ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು.

ಇಲ್ಲೊಂದು ಮಾತು ಗಮನಿಸಬೇಕು. ಅವನು ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರ ಆಗಿರಲಿಲ್ಲ, ನಿಜಾಮರ ಸೇವೆಯಲ್ಲಿದ್ದವನು. ಕಂಪನಿಯ ಅಧಿಕಾರಿಗಳಿಗೆ ಇದ್ದ ಬಡ್ತಿ, ಮರ್ಯಾದೆ ಇವನಿಗೆ ಇರಲಿಲ್ಲ. ದೊಡ್ಡ ಶಾಲೆಯ ಓದೂ ಇರಲಿಲ್ಲ. ಭಾಷೆ, ಕಾನೂನು, ಭೂಮಾಪನ, ಭೂವಿಜ್ಞಾನ, ಚಿತ್ರ ಬರೆಯುವುದು, ಎಲ್ಲವನ್ನೂ ಬಿಡುವಿನ ಹೊತ್ತಿನಲ್ಲಿ ತಾನೇ ಕಲಿತ. ಮದುವೆಯಾದದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಪಾಮರ್‌ನ ತಾಯಿ ಭಾರತೀಯ ಮುಸ್ಲಿಂ ಮನೆತನದವಳು. 1839ರಲ್ಲಿ ಠಕ್ಕರ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಗಿ ಹೆಸರು ತಂದಿತು. 1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು.

ಸುರಪುರ ಎಂದರೆ ತಳಕಲ್ ಸೀಮೆಗೆ ದೂರದ ಮಾತಲ್ಲ. ತಳಕಲ್ಲಿನಿಂದ ಹೊರಟು ಕುಕನೂರು, ಯಲಬುರ್ಗಾ ಮೇಲೆ ಈಗ ಕುಷ್ಟಗಿಯವರೆಗೆ ರೈಲು ಓಡುತ್ತಿದೆಯಲ್ಲ, ಅದೇ ಹಳಿ ಮುಂದೆ ಲಿಂಗಸುಗೂರು, ಸುರಪುರ, ಶಹಾಪುರದ ಮೇಲೆ ವಾಡಿ ಸೇರಬೇಕಾದದ್ದು. ಟೇಲರ್ ಕಾಲದಲ್ಲಿ ಇಡೀ ಈ ಪಟ್ಟಿ ಹೈದರಾಬಾದಿನ ನೆರಳಿನಲ್ಲಿತ್ತು. ಸುರಪುರದಲ್ಲಿ ಬೇಡ ನಾಯಕರ ಸಂಸ್ಥಾನ. ರಾಜ ತೀರಿಕೊಂಡಿದ್ದ. ರಾಣಿ ಈಶ್ವರಮ್ಮನಿಗೂ ರಾಜನ ತಮ್ಮ ಪಿಡ್ಡನಾಯಕನಿಗೂ ಆಡಳಿತದ ಜಗಳ. ನಡುವೆ ಚಿಕ್ಕ ಹುಡುಗ ವೆಂಕಟಪ್ಪ ನಾಯಕ. ಹುಡುಗ ದೊಡ್ಡವನಾಗುವವರೆಗೆ ಸಂಸ್ಥಾನ ನೋಡಿಕೊಳ್ಳುವುದು ಟೇಲರ್‌ನ ಕೆಲಸವಾಯಿತು. ಸುಮಾರು 12 ವರ್ಷ ಇದ್ದ. ರಸ್ತೆ ಮಾಡಿಸಿದ, ಬೋನಾಳ ಕೆರೆ ಹಿಗ್ಗಿಸಿದ. ಆ ಕೆರೆಗೆ ಈಗಲೂ ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ. ಹುಡುಗ ಇವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಬಾಗಿಲು ಚಿಕ್ಕದಾದರೆ ಮನುಷ್ಯನೂ ಚಿಕ್ಕವನೇ?

ಸಂಸ್ಥಾನದಲ್ಲಿ ಸುತ್ತುವಾಗ ಅಲ್ಲಲ್ಲಿ ಕಲ್ಲಿನ ಮನೆಗಳು, ಕಲ್ಲುಗುಂಡಿನ ವೃತ್ತಗಳು, ಸಾಲುಗಟ್ಟಿ ನಿಲ್ಲಿಸಿದ ಬಂಡೆಗಳು ಕಂಡವು. ಜನರನ್ನು ಕೇಳಿದರೆ ಉತ್ತರ ಒಂದೇ: ಮೋರ್ಯರ ಮನೆ. ಗೇಣುದ್ದದ ಜನರ ಕತೆ ಆಗಲೇ ಹಳೆಯದಾಗಿತ್ತು.

ಈ ಕತೆಯನ್ನು ಮೂಢನಂಬಿಕೆ ಎಂದು ನಕ್ಕುಬಿಡಬೇಡಿ. ಅದರ ಹಿಂದೆ ಒಂದು ತರ್ಕವಿದೆ. ನಾಲ್ಕು ಗೋಡೆ, ಮೇಲೊಂದು ಚಾವಣಿ ಕಂಡರೆ ಅದು ಮನೆ. ಮನೆಯೆಂದಮೇಲೆ ಬಾಗಿಲು ಬೇಕು. ಇರುವುದು ಒಂದೇ ತೂತು. ಆ ತೂತಿನಲ್ಲಿ ನುಸುಳಬೇಕಾದರೆ ಮನುಷ್ಯ ಎಷ್ಟು ಎತ್ತರ ಇರಬೇಕು? ಮೂರು ಗೇಣು. ಲೆಕ್ಕ ಸರಿಯಾಗಿಯೇ ಇದೆ, ತಪ್ಪಿದ್ದು ಮೊದಲ ಹೆಜ್ಜೆ. ಮನೆಯ ಹಾಗೆ ಕಂಡದ್ದೆಲ್ಲ ಮನೆ ಆಗಬೇಕಿಲ್ಲ. ಇನ್ನು ಅಂಥ ಕುಳ್ಳರು ಅಷ್ಟು ದೊಡ್ಡ ಚಪ್ಪಡಿ ಎತ್ತಿದ್ದು ಹೇಗೆ? ಅದಕ್ಕೆ ಅವರಿಗೆ ಭೀಮಬಲ ಇತ್ತು ಎಂದು ಕತೆಗೆ ಇನ್ನೊಂದು ತೇಪೆ. ಅವರೆಲ್ಲ ಎಲ್ಲಿ ಹೋದರು? ಬೆಂಕಿ ಮಳೆ ಎಂದು ಮತ್ತೊಂದು ತೇಪೆ. ಫಾರ್ವರ್ಡುಗಳು ಬೆಳೆಯುವುದೂ ಹೀಗೆಯೇ. ಮೊದಲ ಸಾಲಿನ ಮೇಲೆ ಯಾರೂ ಪ್ರಶ್ನೆ ಎತ್ತುವುದಿಲ್ಲ, ಆಮೇಲಿನ ಪ್ರಶ್ನೆಗಳಿಗೆಲ್ಲ ಉತ್ತರ ಹುಟ್ಟುತ್ತಾ ಹೋಗುತ್ತದೆ.

ಟೇಲರ್ ಒಳಗೆ ಏನಿದೆ ನೋಡೋಣ ಎಂದು ಆಳು ಹಚ್ಚಿ ಅಗೆಸಿದ. ರಾಜನಕೋಳೂರಿನ ಕಲ್ಮನೆಗಳನ್ನೂ, ಭೀಮಾ ನದಿಯ ಕಡೆ ಜೇವರ್ಗಿಯ ಕಲ್ಲುಗುಪ್ಪೆಗಳನ್ನೂ ನೋಡಿದ. ಸಿಕ್ಕಿದ್ದು ಮೂಳೆ, ಬೂದಿ, ಇದ್ದಿಲು, ಕಪ್ಪು ಕೆಂಪು ಮಡಕೆಗಳು. ಅಡುಗೆ ಒಲೆ ಇಲ್ಲ, ಮಲಗುವ ಜಾಗ ಇಲ್ಲ. ಜೇವರ್ಗಿಯಲ್ಲಿ ಕಲ್ಲಿನ ರಾಶಿಯ ಕೆಳಗೆ ಮಣ್ಣು, ಅದರ ಕೆಳಗೆ ಕಲ್ಲಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮನುಷ್ಯರ ಅಸ್ಥಿಪಂಜರ. ಕೆಲವು ಕಡೆ ತಲೆ ಬೇರೆ, ಮೈ ಬೇರೆ. ಇವು ಬದುಕಿದ್ದವರ ಮನೆ ಅಲ್ಲ, ಸತ್ತವರ ಗೋರಿ. ತೂತು ಯಾರೋ ಓಡಾಡುವ ಬಾಗಿಲೂ ಅಲ್ಲ. ಸತ್ತವರಿಗೆ ಕೊಡಬೇಕಾದ್ದನ್ನು ಕೊಡುವುದಕ್ಕೋ, ಆಮೇಲೆ ಮೂಳೆ ಇಡುವುದಕ್ಕೋ ಬಿಟ್ಟ ದಾರಿ ಇರಬೇಕೆಂದು ಪುರಾತತ್ವದವರು ಹೇಳುತ್ತಾರೆ.

ಅವನ ದೊಡ್ಡ ಕೆಲಸ ಅಗೆಸಿದ್ದಷ್ಟೇ ಅಲ್ಲ. ಅಗೆದದ್ದನ್ನು ಪದರ ಪದರವಾಗಿ ಚಿತ್ರ ಬರೆದಿಟ್ಟ. ನೆಲವನ್ನು ಲಾಡುವಿನಂತೆ ಎರಡು ಹೋಳು ಮಾಡಿದರೆ ಒಳಗೆ ಹೇಗೆ ಕಾಣುತ್ತದೋ ಹಾಗೆ, ಮೇಲೆ ಏನು, ನಡುವೆ ಏನು, ತಳದಲ್ಲಿ ಏನು ಎಂದು. ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1850ರ ದಶಕದ ಆರಂಭದಲ್ಲಿ ಇವು ಅಚ್ಚಾದವು. ಆ ಕಾಲದಲ್ಲಿ ಹಳೆಯ ಜಾಗ ಅಗೆಯುವವರು ಹೆಚ್ಚಾಗಿ ಚೆಂದದ ವಸ್ತು ಎತ್ತಿಕೊಂಡು ಹೋಗುವವರು. ಯಾವ ವಸ್ತು ಯಾವ ಪದರದಲ್ಲಿತ್ತು ಎಂದು ಬರೆದಿಡುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ. ಸುಮಾರು ನೂರು ವರ್ಷದ ನಂತರ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮೆಚ್ಚಿ, ತನ್ನ ಪುಸ್ತಕದಲ್ಲಿ ಮಾದರಿಯಾಗಿ ತೋರಿಸಿದ.

ಹಾಗೆಂದು ಅವನು ಹೇಳಿದ್ದೆಲ್ಲ ಸರಿ ಅಲ್ಲ. ಇಂಥದೇ ಕಲ್ಗೋರಿಗಳು ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಇದ್ದವು. ಎರಡೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ಕಟ್ಟಿದವರೂ ಒಂದೇ ಜನ, ಮಧ್ಯ ಏಷ್ಯಾದ ಶಕರು ಎರಡೂ ಕಡೆ ಹೋಗಿರಬೇಕು ಎಂದು ಟೇಲರ್ ತೀರ್ಮಾನ ಮಾಡಿದ. ನೋಡಿ, ಮೋರ್ಯರ ಕತೆಯಲ್ಲಿ ಆದ ತಪ್ಪೇ ಇಲ್ಲೂ ಆಗಿದೆ. ಮನೆಯಂತೆ ಕಂಡದ್ದು ಮನೆ ಎಂದು ಹಳ್ಳಿಯವರು, ಐರ್ಲೆಂಡಿನದರಂತೆ ಕಂಡದ್ದು ಐರ್ಲೆಂಡಿನವರದೇ ಬಳಗದ್ದು ಎಂದು ಸಾಹೇಬ. ಯುರೋಪಿನ ಆ ಗೋರಿಗಳಲ್ಲಿ ಬಹಳಷ್ಟು ನಮ್ಮವಕ್ಕಿಂತ ಎರಡು ಮೂರು ಸಾವಿರ ವರ್ಷ ಹಳೆಯವು ಎಂದು ಈಗ ಗೊತ್ತು. ಇದ್ದಿಲು, ಮೂಳೆಯ ಕಾಲ ಅಳೆಯುವ ಇಂಗಾಲದ ವಿಧಾನ ಬಂದದ್ದೇ 1940ರ ದಶಕದ ಕೊನೆಗೆ, ಟೇಲರ್ ಸತ್ತು 70 ವರ್ಷ ಕಳೆದ ಮೇಲೆ. ಅವನ ತೀರ್ಮಾನ ಬಿದ್ದುಹೋಯಿತು, ಬರೆದಿಟ್ಟ ಚಿತ್ರಗಳು ಉಳಿದವು.

ಹಾಗಾದರೆ ಮೌರ್ಯರು? ಮೋರ್ಯ ಎಂಬ ಹೆಸರು ಕೇಳಿದಾಗ ಓದಿದವರಿಗೆ ಪಾಠದ ಪುಸ್ತಕದ ಮೌರ್ಯರು ನೆನಪಾದರು, ಅಷ್ಟೇ. ಕೊಪ್ಪಳದಲ್ಲಿಯೇ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳು ಇರುವುದರಿಂದ ಈ ಊಹೆಗೆ ಬಲವೂ ಬಂತು. ಆದರೆ ಹಿರೇಬೆಣಕಲ್ಲಿನ ಗೋರಿಗಳು ಶುರುವಾಗುವುದು ಕ್ರಿಸ್ತಪೂರ್ವ 800ರ ಸುಮಾರಿಗೆ ಎಂದು ಅಂದಾಜು. ಚಂದ್ರಗುಪ್ತ ಮೌರ್ಯ ಪಟ್ಟಕ್ಕೆ ಬಂದದ್ದು ಕ್ರಿಸ್ತಪೂರ್ವ 321ರ ಹೊತ್ತಿಗೆ. ಕಟ್ಟುವ ಪದ್ಧತಿ ಮೌರ್ಯರ ಹೆಸರು ಹುಟ್ಟುವ ನಾನೂರು ಐನೂರು ವರ್ಷ ಮೊದಲೇ ಇತ್ತು. ಕಟ್ಟಿದವರು ಎಲ್ಲಿಂದಲೋ ಬಂದ ಸೈನಿಕರಲ್ಲ, ಕಬ್ಬಿಣ ಬಳಸಲು ಕಲಿತಿದ್ದ ಇಲ್ಲಿನದೇ ಜನ.

ಎತ್ತಿದ್ದು ಹೇಗೆ ಎಂಬ ಪ್ರಶ್ನೆಗೂ ಭೀಮಬಲ ಬೇಡ. ನಮ್ಮ ಭಾಗದ ಕಣಶಿಲೆ ಪದರ ಪದರವಾಗಿ ಸಿಡಿಯುತ್ತದೆ. ಬೆಂಕಿ ಹಾಕಿ ಕಾಯಿಸಿ, ಬೆಣೆ ಬಡಿದರೆ ಚಪ್ಪಡಿಯಾಗಿ ಏಳುತ್ತದೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮುಕ್ಕಾಲು ಅಡಿ ದಪ್ಪದ ಒಂದು ಚಪ್ಪಡಿ ತಗೊಳ್ಳಿ. 45 ಘನ ಅಡಿ ಆಯಿತು. ಒಂದು ಘನ ಅಡಿ ಕಲ್ಲು ಸುಮಾರು 75 ಕೆಜಿ ಇರುತ್ತದೆ. ಒಟ್ಟು ಮೂರೂವರೆ ಟನ್ನಿಗೆ ಹತ್ತಿರ. ಮರದ ದಿಮ್ಮಿ, ಹಗ್ಗ, ಮಣ್ಣಿನ ಇಳಿಜಾರು ಮತ್ತು ಐವತ್ತು ನೂರು ಜನರ ಕೈ ಸೇರಿದರೆ ಆಗುವ ಕೆಲಸವೇ. ಊರಿನ ತೇರು ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾತಕ ನಿಜವಾದ ಕತೆ

ಈಗ ಇನ್ನೊಂದು ಸಂಗತಿಗೆ ಬರೋಣ. ಟೇಲರ್ ತನ್ನ ಆತ್ಮಕತೆಯಲ್ಲಿ ಹೇಳಿದ್ದು ಹೀಗೆ. ವೆಂಕಟಪ್ಪ ನಾಯಕ ಹುಟ್ಟಿದಾಗ ಜಾತಕ ಬರೆಸಿದ್ದರು. ಹುಡುಗ 24ನೆಯ ವಯಸ್ಸಿನಲ್ಲಿ ಸಾಯುತ್ತಾನೆ ಎಂದು ಅದರಲ್ಲಿ ಬಂದಿತ್ತು. ಅರಮನೆಯ ಕೆಲವೇ ಜನರಿಗೆ ಗೊತ್ತಿದ್ದ ಈ ಗುಟ್ಟನ್ನು ಅಲ್ಲಿನ ಶಾಸ್ತ್ರಿಯೊಬ್ಬ ಟೇಲರ್‌ಗೆ ತಿಳಿಸಿದ. ಟೇಲರ್ ಆಗ ಅದನ್ನು ನಂಬಲಿಲ್ಲ.

1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ಸಿಕ್ಕಿತು, ಟೇಲರ್ ಬೇರೆ ಕಡೆ ಹೋದ. 1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿತು. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಬ್ರಿಟಿಷ್ ಪಡೆಯ ಮೇಲೆ ಕಾಳಗ ನಡೆಯಿತು. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಅದೇ ವರ್ಷ ಬೇಸಿಗೆ ಕೊನೆಗೆ ಇತ್ತ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯ ಹೋರಾಡಿ ಸತ್ತ. ಟೇಲರ್‌ನನ್ನು ಮತ್ತೆ ಸುರಪುರಕ್ಕೆ ಕಳಿಸಿದರು. ಅಪ್ಪಾ ಎಂದು ಕರೆಯುತ್ತಿದ್ದ ಹುಡುಗನನ್ನು ಅವನು ಕೈದಿಯಾಗಿ ನೋಡಬೇಕಾಯಿತು.

ರಾಜನಿಗೆ ಮರಣದಂಡನೆ ಆಯಿತು. ಆಮೇಲೆ ಅದು ಜೀವಾವಧಿ ಗಡೀಪಾರಿಗೆ ಇಳಿಯಿತು. ಮತ್ತೂ ಇಳಿದು ಮದ್ರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆವಾಸವಾಯಿತು. ಜಾತಕ ಸುಳ್ಳಾಯಿತು ಎನ್ನುವ ಹೊತ್ತಿಗೆ ಸುದ್ದಿ ಬಂತು: ಹೈದರಾಬಾದ್ ಬಿಟ್ಟು ಮೊದಲ ಬೀಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲು ತೆಗೆದುಕೊಂಡು ರಾಜ ಗುಂಡು ಹಾರಿಸಿಕೊಂಡು ಸತ್ತ. ಆಗ ಅವನಿಗೆ 24ನೆಯ ವರ್ಷ ನಡೆಯುತ್ತಿತ್ತು.

ಟೇಲರ್ ಬೆಚ್ಚಿಬಿದ್ದ. ಇದಕ್ಕೆ ವಿವರಣೆ ಕೊಡಲು ತನ್ನಿಂದಾಗದು ಎನ್ನುವ ಧಾಟಿಯಲ್ಲಿ ಬರೆದ. ಓದಿದ ಯಾರಿಗಾದರೂ ಮೈ ಜುಮ್ ಎನ್ನುತ್ತದೆ. ಸರಿ, ಕಲ್ಮನೆಯನ್ನು ಅವನು ಅಗೆದ ಹಾಗೆ ಈ ಕತೆಯನ್ನು ನಾವು ಅಗೆದು ನೋಡೋಣ.

ಮೇಲಿನ ಪದರ: ಈ ಕತೆ ನಮಗೆ ಸಿಕ್ಕದ್ದು ಎಲ್ಲಿಂದ? ಟೇಲರ್ ತನ್ನ ಕೊನೆಗಾಲದಲ್ಲಿ ಬರೆದ ಪುಸ್ತಕದಿಂದ. ಅವನು ಸತ್ತಮೇಲೆ, 1877ರಲ್ಲಿ, ಮಗಳು ಆಲಿಸ್ ಅದನ್ನು ಅಚ್ಚು ಹಾಕಿಸಿದಳು. ರಾಜ ಸತ್ತು ಹತ್ತಿರ ಹತ್ತಿರ 20 ವರ್ಷವಾಗಿತ್ತು. ಸುಳ್ಳು ಹೇಳಿದ ಎಂದಲ್ಲ. ಆದರೆ ಮನುಷ್ಯನ ನೆನಪು ಮೊಬೈಲಿನ ವಿಡಿಯೊ ಅಲ್ಲ. ಮುಂದೆ ಏನಾಯಿತು ಎಂದು ಗೊತ್ತಾದ ಮೇಲೆ ಹಿಂದಿನ ಮಾತು ತಾನಾಗಿ ಚೂಪಾಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಗಂಡಾಂತರ ಎಂದದ್ದು, 24ಕ್ಕೆ ಸಾವು ಎಂದು ನೆನಪಿನಲ್ಲಿ ಗಟ್ಟಿಯಾಗುವುದು ಸಾಧ್ಯ. ನಮ್ಮ ಮನೆಗಳಲ್ಲೂ ಅಜ್ಜಿ ಅಂದೇ ಹೇಳಿದ್ದಳು ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಘಟನೆ ನಡೆದ ಮೇಲೆಯೇ ಅಲ್ಲವೇ?

ಅದರ ಕೆಳಗೆ: ಗುಟ್ಟು ಎಂಬುದು ಅರಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ? ಈ ಹುಡುಗ ಬಹಳ ದಿನ ಬಾಳುವುದಿಲ್ಲ ಎಂದು ಸುತ್ತ ಇರುವವರು ನಂಬಿದರೆ, ಅವನನ್ನು ನೋಡುವ ಕಣ್ಣು, ಅವನಿಗೆ ಹೇಳುವ ಬುದ್ಧಿ ಎಲ್ಲವೂ ಬೇರೆಯಾಗುತ್ತದೆ. ಭವಿಷ್ಯ ನುಡಿದದ್ದೇ ಭವಿಷ್ಯವನ್ನು ತಳ್ಳಿಕೊಂಡು ಹೋಗಬಹುದು. ಬ್ಯಾಂಕು ಮುಳುಗುತ್ತದೆ ಎಂದು ವದಂತಿ ಎದ್ದರೆ ಎಲ್ಲರೂ ದುಡ್ಡು ಬಿಡಿಸಿಕೊಳ್ಳಲು ಓಡಿ, ಚೆನ್ನಾಗಿದ್ದ ಬ್ಯಾಂಕೂ ಮುಳುಗುವುದಿಲ್ಲವೇ, ಹಾಗೆ.

ಇನ್ನೂ ಕೆಳಗೆ: ಸಾವು ಹೇಗಾಯಿತು ಎಂಬುದಕ್ಕೇ ಸಾಕ್ಷಿ ಯಾರು? ಕಾವಲಿನವರು. ಬ್ರಿಟಿಷರ ವಿರುದ್ಧ ದಂಗೆ ಎದ್ದ ರಾಜ, ಬ್ರಿಟಿಷರ ವಶದಲ್ಲಿ, ಬ್ರಿಟಿಷ್ ಅಧಿಕಾರಿಯ ಪಿಸ್ತೂಲಿನಿಂದ ಸಾಯುತ್ತಾನೆ. ನಡೆದದ್ದನ್ನು ಹೇಳುವವರೂ ಅವರೇ. ಇಂದಿನ ಕಾಲದಲ್ಲಿ ಲಾಕಪ್ಪಿನಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಬೇಕು ಎಂದು ಕಾನೂನು ಹೇಳುವುದು ಇದೇ ಕಾರಣಕ್ಕೆ, ಒಂದೇ ಕಡೆಯ ಹೇಳಿಕೆ ಸಾಲದು ಎಂದು. ಗ್ರಹಗತಿಯ ಕತೆಯಾಗಿ ಹೇಳಿದಾಗ ಈ ಪ್ರಶ್ನೆ ಮರೆತೇ ಹೋಗುತ್ತದೆ. ವಿಧಿ ಬರಹ ಎಂದಮೇಲೆ ಯಾರನ್ನು ಕೇಳುವುದು? ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ ಪದರ.

ತಳದಲ್ಲಿ ಇರುವುದು ಲೆಕ್ಕ. ಆ ಕಾಲದಲ್ಲಿ ರಾಜಮನೆತನದ, ಅಧಿಕಾರಿಗಳ, ಸಾಹುಕಾರರ ಪ್ರತಿ ಮಗುವಿಗೂ ಜಾತಕ ಬರೆಸುತ್ತಿದ್ದರು. ಎಷ್ಟೋ ಜಾತಕಗಳಲ್ಲಿ ಗಂಡಾಂತರ ಇರುತ್ತಿತ್ತು. ಇಂಥ ವಯಸ್ಸಿಗೆ ಸಾವು ಎಂದು ಬರೆಸಿಕೊಂಡು ಅರವತ್ತು ದಾಟಿದವರ ಕತೆ ಯಾವ ಪುಸ್ತಕಕ್ಕೂ ಹೋಗುವುದಿಲ್ಲ. ನೂರು ವರ್ಷ ಆಯಸ್ಸು ಎಂದು ಬರೆಸಿಕೊಂಡು ಕಾಲರಾ, ಸಿಡುಬಿಗೆ ಚಿಕ್ಕಂದಿನಲ್ಲೇ ಸತ್ತ ಮಕ್ಕಳ ಜಾತಕವನ್ನು ಯಾರೂ ತೆಗೆದು ನೋಡುವುದಿಲ್ಲ. ಹೇಳಿದ್ದು ಆದದ್ದು, ಹೇಳಿದ್ದು ಆಗದ್ದು, ಹೇಳದೆ ಆದದ್ದು, ಹೇಳದೆ ಆಗದೇ ಉಳಿದದ್ದು, ಹೀಗೆ ನಾಲ್ಕು ಕಂತೆ ಇರುತ್ತದೆ. ನಮ್ಮ ಕೈಗೆ ಬರುವುದು ಮೊದಲ ಕಂತೆ ಮಾತ್ರ.

ನಾಲ್ಕೂ ಕಂತೆ ಎಣಿಸಿದರೆ ಏನಾಗುತ್ತದೆ? ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು, ಅವರಲ್ಲಿ ನರೇಂದ್ರ ದಾಭೋಲ್ಕರ್ ಕೂಡ ಒಬ್ಬರು, 2008ರಲ್ಲಿ ಮಹಾರಾಷ್ಟ್ರದಲ್ಲಿ ಇದನ್ನೇ ಮಾಡಿದರು. 100 ಬುದ್ಧಿವಂತ ವಿದ್ಯಾರ್ಥಿಗಳ, 100 ಬುದ್ಧಿಮಾಂದ್ಯ ಮಕ್ಕಳ ಹುಟ್ಟಿದ ವಿವರದಿಂದ ಜಾತಕ ಮಾಡಿ, ಬೆರೆಸಿ, ಜ್ಯೋತಿಷಿಗಳಿಗೆ ತಲಾ 40 ಕೊಟ್ಟರು. ಯಾವುದು ಯಾರದ್ದು ಹೇಳಿ ಎಂದರು. ಉತ್ತರ ಕಳಿಸಿದವರು 27 ಜ್ಯೋತಿಷಿಗಳು. ಸರಿಯಾದದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ ನೂರಕ್ಕೆ 50ರ ಹತ್ತಿರ ಬರುತ್ತಿತ್ತು.

ಟೇಲರ್‌ಗೆ ಇದೆಲ್ಲ ಹೊಳೆಯಲಿಲ್ಲವೇ? ಹೊಳೆಯದ ದಡ್ಡನಲ್ಲ. ಕಲ್ಮನೆಯಲ್ಲಿ ಮಲಗಿದ್ದವರು ಅವನಿಗೆ ಯಾರೂ ಆಗಬೇಕಿರಲಿಲ್ಲ. ಸತ್ತ ರಾಜ ಅವನು ಸಾಕಿದ ಹುಡುಗ, ಕೊಂದ ವ್ಯವಸ್ಥೆ ಅವನದೇ ಸಂಬಳ ಕೊಡುವ ಕಡೆಯದು. ಎಲ್ಲವೂ ಮೊದಲೇ ಬರೆದಿತ್ತು ಎಂದರೆ ಎದೆಯ ಭಾರ ಒಂದಿಷ್ಟು ಇಳಿಯುತ್ತದೆ. ದುಃಖದಲ್ಲಿದ್ದವರು ಹಣೆಬರಹ ಎನ್ನುವುದೂ ಅದಕ್ಕೇ.

1860ರಲ್ಲಿ ಟೇಲರ್ ಆರೋಗ್ಯ ಕೆಟ್ಟು ಊರಿಗೆ ಹೋದ. ಕಾದಂಬರಿ, ಇತಿಹಾಸ ಬರೆದ. ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಕರೆದನೆಂದು 1875ರಲ್ಲಿ ಮತ್ತೊಮ್ಮೆ ಬಂದ. ಕಣ್ಣು ಬಹುತೇಕ ಹೋಗಿತ್ತು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂತೋನ್ ಎಂಬ ಊರಲ್ಲಿ ತೀರಿಕೊಂಡ.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಗುಡ್ಡ ಹತ್ತಿದರೆ ನೂರಾರು ಗೋರಿಗಳು, ದೊಡ್ಡ ಬಂಡೆಯ ಮೇಲೆ ಕೂರಿಸಿದ ಕಲ್ಲಿನ ನಗಾರಿ, ಹಳೆಯ ವರ್ಣಚಿತ್ರಗಳು ಸಿಗುತ್ತವೆ. ಮುರಿದು ಬಿದ್ದ ಚಪ್ಪಡಿಗಳೂ ಸಿಗುತ್ತವೆ. ಅವುಗಳಲ್ಲಿ ಹಲವು ಮಳೆ ಗಾಳಿಗೆ ಬಿದ್ದವಲ್ಲ, ನಿಧಿ ಹುಡುಕುವವರು ಕೆಡವಿದವು. ಒಳಗೆ ಏನಿತ್ತು ಎಂದು ಟೇಲರ್ 170 ವರ್ಷದ ಹಿಂದೆಯೇ ಪಟ್ಟಿ ಮಾಡಿದ್ದ: ಮೂಳೆ, ಬೂದಿ, ಮಡಕೆ. ಒಂದು ವೇಳೆ ಬೆಲೆಯದ್ದೇನಾದರೂ ಸಿಕ್ಕರೂ ಅಗೆದವನದ್ದಲ್ಲ. ಕಾನೂನಿನ ಪ್ರಕಾರ ನಿಧಿ ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.